ಹಿತ್ತಲ ಹಕ್ಕಿಯೂ ಮದ್ದು

(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



"ಹಿತ್ತಲ ಗಿಡ ಮದ್ದಲ್ಲ" ಎಂಬ ಗಾದೆಯನ್ನು ಕನ್ನಡ ನಾಡಿನಲ್ಲಿ ಕೇಳದವರಿಲ್ಲ. ಕೈಗೆಟಕುವಷ್ಟು ಹತ್ತಿರವಿರುವುದಕ್ಕೆ ಬೆಲೆ ಕೊಡದ ಮನುಷ್ಯ ಸ್ವಭಾವವನ್ನು ಈ ಗಾದೆ ಗೇಲಿ ಮಾಡುತ್ತದೆ. ಗಿಡಕ್ಕೆ ಸಲ್ಲುವ ಈ ಮಾತು ಹಿತ್ತಲಿನ ಹಕ್ಕಿಗೂ, ಗೋಡೆಯ ಮೇಲಿನ ಚಿತ್ತಾರಕ್ಕೂ, ಅಜ್ಜಿಯ ಬಾಯಲ್ಲಿರುವ ಹಾಡಿಗೂ ಅಷ್ಟೇ ಸಲ್ಲುತ್ತದೆ. ಸಂತೋಷವೆಂಬುದು ಪೇಟೆಯಲ್ಲಿ ಸಿಗುವ ವಸ್ತು, ಹಣ ಕೂಡಿದ ಮೇಲೆ, ಬಿಡುವು ಸಿಕ್ಕಿದ ಮೇಲೆ ಅನುಭವಿಸಬೇಕಾದದ್ದು ಎಂಬ ನಂಬಿಕೆ ಹಳ್ಳಿಗಳಲ್ಲಿಯೂ ಬೇರೂರುತ್ತಿದೆ.

ಇಂಥ ಸಭೆಯಲ್ಲಿ ಕವಿತೆ, ಚಿತ್ರ, ಹಕ್ಕಿಗಳ ಮಾತೆತ್ತಿದರೆ ಒಂದು ಆಕ್ಷೇಪ ಏಳುವುದು ಸಹಜ. ಅಡಿಕೆ ತೋಟಗಳಿಗೆ ಎಲೆಚುಕ್ಕಿ ರೋಗ ಹಬ್ಬಿದೆ. ಮಳೆ ಹಿಡಿಯಿತೆಂದರೆ ಕೊಳೆರೋಗದ ಚಿಂತೆ. ಕೂಲಿಗೆ ಜನ ಸಿಗದೆ ಗದ್ದೆಗಳು ಬೀಳು ಬಿದ್ದಿವೆ. ಓದಿದ ಮಕ್ಕಳು ಬೆಂಗಳೂರು ಸೇರಿ, ದೊಡ್ಡ ದೊಡ್ಡ ಮನೆಗಳಲ್ಲಿ ಇಬ್ಬರು ವೃದ್ಧರು ಮಾತ್ರ ಉಳಿದಿದ್ದಾರೆ. ಇಷ್ಟೆಲ್ಲ ಸಂಕಟದ ನಡುವೆ ಹಕ್ಕಿ ನೋಡಿ ಹಿಗ್ಗುವುದೆಂದರೆ "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ" ಎಂಬಂತಲ್ಲವೇ? ಈ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಇದಕ್ಕೆ ಉತ್ತರ ಸಿಗದಿದ್ದರೆ ಮುಂದಿನ ಮಾತುಗಳೆಲ್ಲ ಬರಿಯ ಅಲಂಕಾರವಾಗುತ್ತವೆ.

ಕವಿತೆಯಿಂದ ಎಲೆಚುಕ್ಕಿ ರೋಗ ವಾಸಿಯಾಗುವುದಿಲ್ಲ, ಹಕ್ಕಿಯ ಹಾಡಿನಿಂದ ಅಡಿಕೆಯ ಧಾರಣೆ ಏರುವುದಿಲ್ಲ. ಆದರೆ ಊರನ್ನು ಬಿಟ್ಟುಹೋಗುವ ತೀರ್ಮಾನವೂ ಕೇವಲ ಧಾರಣೆಯಿಂದ ಹುಟ್ಟುವುದಿಲ್ಲ. "ಇಲ್ಲಿ ಏನಿದೆ?" ಎಂಬ ಬೇಸರದಿಂದಲೂ ಹುಟ್ಟುತ್ತದೆ. ಇಲ್ಲಿ ಏನಿದೆ ಎಂಬುದನ್ನು ಕಾಣದವನಿಗೆ ಅದನ್ನು ಉಳಿಸಿಕೊಳ್ಳಬೇಕೆಂಬ ಹಂಬಲ ಹುಟ್ಟುವುದಾದರೂ ಹೇಗೆ? ಕಾಡನ್ನು ಉಳಿಸಬೇಕೆಂಬ ಘೋಷಣೆಗಿಂತ ಮೊದಲು ಕಾಡಿನ ಅಂಚಿನ ಮನೆಯಲ್ಲಿ ದಿನವೂ ಒಂದಿಷ್ಟು ಆನಂದ ಇರಬೇಕು. ಪ್ರೀತಿ ಮೊದಲು, ರಕ್ಷಣೆ ಅನಂತರ. ಇಂದಿನ ಮಾತಿನ ತಿರುಳು ಇಷ್ಟೇ.

ಹಿತ್ತಲಿನ ನೆರೆಹೊರೆ

ಮೊದಲು ಹಕ್ಕಿಗಳು. ಹಕ್ಕಿ ನೋಡುವುದೆಂದರೆ ದುಬಾರಿ ದುರ್ಬೀನು ಹಿಡಿದು ದೂರದ ಅಭಯಾರಣ್ಯಕ್ಕೆ ಹೋಗುವುದು ಎಂದು ಹಲವರು ತಿಳಿದಿದ್ದಾರೆ. ಮಲೆನಾಡಿನ ಮನೆಗೆ ಆ ಖರ್ಚಿನ ಅಗತ್ಯವೇ ಇಲ್ಲ. ಬಚ್ಚಲುಮನೆಯ ನೀರು ಹರಿಯುವ ಬಾಳೆಬುಡ, ಕರಿಬೇವಿನ ಗಿಡ, ಬೇಲಿಯ ದಾಸವಾಳ, ಕೊಟ್ಟಿಗೆಯ ಮಾಡು, ಬಾವಿಕಟ್ಟೆ ಇವಿಷ್ಟೇ ಸಾಕು.

ಬೇಸಗೆ ಕಾಲಿಡುತ್ತಿದ್ದಂತೆ ನಸುಕಿನಲ್ಲಿ, ಇನ್ನೂ ಕತ್ತಲೆ ಇರುವಾಗಲೇ ಮಡಿವಾಳ ಹಕ್ಕಿಯ ಹಾಡು ಆರಂಭವಾಗುತ್ತದೆ. ಕಪ್ಪು ಬಿಳುಪಿನ ಈ ಪುಟ್ಟ ಹಕ್ಕಿಯ ಗಂಡು ಎತ್ತರದ ಕೊಂಬೆಯನ್ನೋ ಮನೆಯ ಕೋಳನ್ನೋ ಏರಿ ಕುಳಿತು ಹಾಡುತ್ತದೆ. ಕೇಳುವವರಿಗೆ ಅದು ಸಂಗೀತ, ಹಕ್ಕಿಗೆ ಅದು ತನ್ನ ಸೀಮೆಯ ಘೋಷಣೆ ಮತ್ತು ಸಂಗಾತಿಗೆ ಕರೆ. ಮರಿ ಮಾಡುವ ತಿಂಗಳುಗಳು ಮುಗಿದ ಮೇಲೆ ಅದೇ ಹಕ್ಕಿ ಹೆಚ್ಚು ಕಡಿಮೆ ಮೌನವಾಗುತ್ತದೆ. ಹಾಡಿಗೂ ಒಂದು ಕಾಲವಿದೆ ಎಂಬ ಪಾಠವನ್ನು ಪುಸ್ತಕವಿಲ್ಲದೆ ಕಲಿಸುವ ಗುರು ಅದು.

ದಾಸವಾಳದ ಬೇಲಿಯಲ್ಲಿ ಸೂರಕ್ಕಿಗಳು ಬರುತ್ತವೆ. ಇವುಗಳಲ್ಲಿ ಅತಿ ಪುಟ್ಟದಾದ ಒಂದು ಜಾತಿ ಪಶ್ಚಿಮ ಘಟ್ಟಗಳ ಸೀಮೆಯಲ್ಲಲ್ಲದೆ ಜಗತ್ತಿನ ಬೇರೆಲ್ಲೂ ಇಲ್ಲ. ದೊಡ್ಡ ಹೂವಿನ ಒಳಗೆ ಕೊಕ್ಕು ಎಟುಕದಿದ್ದರೆ ಸೂರಕ್ಕಿ ಹೂವಿನ ಬುಡಕ್ಕೇ ತೂತು ಕೊರೆದು ಮಕರಂದ ಹೀರುತ್ತದೆ. ಹೆಣ್ಣು ಸೂರಕ್ಕಿ ನಾರು, ತೊಗಟೆಯ ಚೂರು ಮತ್ತು ಜೇಡರ ಬಲೆಯ ಎಳೆಗಳನ್ನು ಕೂಡಿಸಿ ತೂಗುವ ಗೂಡು ಕಟ್ಟುತ್ತದೆ. ಜಗಲಿಯ ತಂತಿಗೂ ಗೂಡು ಕಟ್ಟುವಷ್ಟು ಅದಕ್ಕೆ ಮನುಷ್ಯರ ಮೇಲೆ ನಂಬಿಕೆ. ಪಕ್ಕದ ಗಿಡದಲ್ಲಿ ಟುವ್ವಿ ಹಕ್ಕಿ ಎಲೆಗಳ ಅಂಚನ್ನು ಕೊಕ್ಕಿನಿಂದ ಚುಚ್ಚಿ, ಹತ್ತಿಯ ಎಳೆಯಿಂದ ಹೊಲಿದು, ಒಳಗೆ ಮೆತ್ತೆ ಹಾಸುತ್ತದೆ. ಸಿಂಪಿಗನೆಂಬ ಹೆಸರು ಅದಕ್ಕೆ ಸುಮ್ಮನೆ ಬಂದದ್ದಲ್ಲ.

ಮಧ್ಯಾಹ್ನದ ಬಿಸಿಲಿನಲ್ಲಿ ಎಲ್ಲ ಹಕ್ಕಿಗಳೂ ಸುಮ್ಮನಾದಾಗ ಕುಟ್ರುಹಕ್ಕಿ ಮಾತ್ರ ಬಿಡದೆ ಕೂಗುತ್ತಿರುತ್ತದೆ. ಒಣಗಿದ, ಮೆತ್ತಗಾದ ಕೊಂಬೆಯನ್ನು ಕೊರೆದು ಅದು ಗೂಡು ಮಾಡುತ್ತದೆ. ಹಣ್ಣು ತಿಂದು ಬೀಜಗಳನ್ನು ಕಾಡಿನುದ್ದಕ್ಕೂ ಬಿತ್ತುತ್ತದೆ. ಚೊಕ್ಕಟ ಮಾಡುವ ಉತ್ಸಾಹದಲ್ಲಿ ಹಿತ್ತಲಿನ ಒಣಕೊಂಬೆಗಳನ್ನೆಲ್ಲ ಕಡಿದ ಮನೆಯಲ್ಲಿ ಕುಟ್ರುಹಕ್ಕಿಗೆ ತೊಟ್ಟಿಲು ಇರುವುದಿಲ್ಲ. ಅದು ಬಿಟ್ಟುಹೋದ ಪೊಟರೆಗಾಗಿ ಕಾದಿರುವ ಬೇರೆ ಹಕ್ಕಿಗಳಿಗೂ ನೆಲೆ ತಪ್ಪುತ್ತದೆ.

ಚಳಿಗಾಲಕ್ಕೆ ಒಬ್ಬ ವಿಶೇಷ ಅತಿಥಿ ಬರುತ್ತಾನೆ. ಅವನ ಹೆಸರು ನವರಂಗ. ಉತ್ತರದ ಹಿಮಾಲಯದ ತಪ್ಪಲು ಮತ್ತು ಮಧ್ಯಭಾರತದ ಕಾಡುಗಳಲ್ಲಿ ಮರಿ ಮಾಡಿ, ಚಳಿಗೆ ದಕ್ಷಿಣಕ್ಕಿಳಿಯುವ ಈ ಹಕ್ಕಿ ಮನೆಯ ಹಿಂದಿನ ದರಕಲೆಯನ್ನು ಕೆದಕಿ ಹುಳು ಹುಡುಕುತ್ತದೆ. ಮುಂಜಾನೆ ಮತ್ತು ಮುಸ್ಸಂಜೆಯಲ್ಲಿ ಎರಡೆಳೆಯ ಸಿಳ್ಳೆ ಹಾಕುತ್ತದೆ. ಹಸಿರು, ನೀಲಿ, ಕೆಂಪು, ಕಂದು, ಕಪ್ಪು, ಬಿಳುಪು ಎಲ್ಲವನ್ನೂ ಮೈಮೇಲೆ ಹೊತ್ತ ಹಕ್ಕಿಯೊಂದು ನೂರಾರು ಹರದಾರಿ ಹಾರಿ ಬಂದು ತಿಪ್ಪೆಗುಂಡಿಯ ಬದಿಯಲ್ಲಿ ಎಲೆ ಕೆದಕುತ್ತಿರುವಾಗ, ಆ ಮನೆಯವರಿಗೆ ಅದರ ಬರವೇ ತಿಳಿಯದಿದ್ದರೆ ನಷ್ಟ ಹಕ್ಕಿಗಲ್ಲ.

ಇಂಥ ನೋಟ ಮನಸ್ಸಿಗೆ ಹಿತವೆಂಬುದು ಕೇವಲ ಕವಿಗಳ ಮಾತಲ್ಲ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಸಂಶೋಧಕರು 2022ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದರು. 1,292 ಜನರನ್ನು ಮೊಬೈಲ್ ಮೂಲಕ ದಿನದಲ್ಲಿ ಹಲವು ಬಾರಿ ಪ್ರಶ್ನಿಸಿದಾಗ, ಹಕ್ಕಿಯನ್ನು ಕಂಡ ಅಥವಾ ಅದರ ದನಿ ಕೇಳಿದ ಹೊತ್ತಿನಲ್ಲಿ ಅವರ ಮನಸ್ಸು ಹೆಚ್ಚು ನೆಮ್ಮದಿಯಿಂದಿತ್ತು. ಆ ನೆಮ್ಮದಿ ಕೆಲವು ಗಂಟೆಗಳ ಕಾಲ ಉಳಿಯುತ್ತಿತ್ತು. ಖಿನ್ನತೆಯಿಂದ ಬಳಲುತ್ತಿದ್ದವರಲ್ಲಿಯೂ ಇದೇ ಫಲ ಕಂಡಿತು. ಅಧ್ಯಯನಕ್ಕೆ ಒಳಗಾದವರು ಬಹುಪಾಲು ಪಶ್ಚಿಮದ ನಗರವಾಸಿಗಳು. ಅವರು ಹುಡುಕಿ ಪಡೆಯುವ ಮದ್ದು ಮಲೆನಾಡಿನ ಒಂಟಿ ಮನೆಯ ವೃದ್ಧರ ಕಿಟಕಿಯಾಚೆಯೇ ಹಾರಾಡುತ್ತಿದೆ.

ಕವಿ ಕಂಡ ರುಜು

ಹಕ್ಕಿಯನ್ನು ಕಾಣುವ ಕಣ್ಣನ್ನು ಕವಿತೆ ಕೊಡುತ್ತದೆ. ಮಲೆನಾಡಿಗೆ ಈ ವಿಷಯದಲ್ಲಿ ದೊಡ್ಡ ಭಾಗ್ಯವಿದೆ. 1904ರಲ್ಲಿ ಹುಟ್ಟಿ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರ ಕಾವ್ಯದಲ್ಲಿ ಕಾಜಾಣ, ಪಿಕಳಾರ, ಕಾಮಳ್ಳಿ, ಕೋಗಿಲೆಗಳು ಅಲಂಕಾರಕ್ಕೆ ಬಂದವುಗಳಲ್ಲ. ಅವು ಆ ಮನೆಯ ಸುತ್ತಲಿನ ಮರಗಳಲ್ಲಿ ನಿಜವಾಗಿ ಕೂಗುತ್ತಿದ್ದ ಹಕ್ಕಿಗಳು. ಅವರ ಒಂದು ಕವನ ಸಂಕಲನದ ಹೆಸರೇ 'ಪಕ್ಷಿಕಾಶಿ'. ಕಾಶಿಯನ್ನು ಹಕ್ಕಿಗಳ ನೆಲೆಯಲ್ಲಿ ಕಂಡ ಕವಿಗೆ ತೀರ್ಥಯಾತ್ರೆಗಾಗಿ ಊರು ಬಿಡಬೇಕಾಗಿರಲಿಲ್ಲ.

ಅವರ 'ದೇವರು ರುಜು ಮಾಡಿದನು' ಎಂಬ ಕವಿತೆಯನ್ನು ಇಲ್ಲಿರುವ ಎಷ್ಟೋ ಮಕ್ಕಳು ಶಾಲೆಯಲ್ಲಿ ಓದಿರಬಹುದು, ಹಾಡಿಯೂ ಇರಬಹುದು. ತುಂಗೆಯ ಹರಿವು, ದಡದ ಕಾಡು, ಬೆಟ್ಟಗಳ ಸಾಲು, ಹಿಂದೆ ವಿಸ್ತಾರವಾದ ಆಗಸ. ಅಂಥ ನೋಟದಲ್ಲಿ ಸಾಲಾಗಿ ಹಾರುವ ಹಕ್ಕಿಗಳು ಕವಿಗೆ ಚಿತ್ರಕಾರನೊಬ್ಬನು ತನ್ನ ಚಿತ್ರದ ಕೆಳಗೆ ಹಾಕಿದ ಸಹಿಯಂತೆ ಕಂಡವು. ಕವಿತೆ, ಚಿತ್ರ, ಹಕ್ಕಿ ಮೂರೂ ಇಲ್ಲಿ ಬೇರೆ ಬೇರೆಯಾಗಿ ಉಳಿದಿಲ್ಲ. ಈ ಕವಿತೆ ಓದಿದವನು ಮುಂದೆ ಗದ್ದೆಯಂಚಿನಲ್ಲಿ ಬೆಳ್ಳಕ್ಕಿಗಳ ಸಾಲು ಕಂಡಾಗ ಒಂದು ಕ್ಷಣವಾದರೂ ನಿಲ್ಲುತ್ತಾನೆ. ಹೀಗೆ ನಿಲ್ಲಿಸುವುದೇ ಕವಿತೆ ಮಾಡುವ ಉಪಕಾರ. ಅದಕ್ಕೆ ಪರೀಕ್ಷೆಯ ಅಂಕಗಳ ಹಂಗಿಲ್ಲ.

ಧಾರವಾಡದ ಬೇಂದ್ರೆಯವರು ಕಾಲವನ್ನೇ ಹಾರುವ ಹಕ್ಕಿಯನ್ನಾಗಿ ಕಂಡರು. ಮೂಡಿಗೆರೆಯ ಬಳಿ ಕಾಫಿ ತೋಟ ಮಾಡಿಕೊಂಡಿದ್ದ ಪೂರ್ಣಚಂದ್ರ ತೇಜಸ್ವಿಯವರು (1938–2007) ಬೇರೊಂದು ದಾರಿ ಹಿಡಿದರು. ಅವರು ಕಥೆಗಾರ, ಚಿತ್ರಕಾರ, ಛಾಯಾಗ್ರಾಹಕ ಮತ್ತು ಕೃಷಿಕ. ಹಕ್ಕಿಗಳ ಬಗೆಗೆ ಅವರು ಬರೆದ ಪುಸ್ತಕಗಳು ಕನ್ನಡದ ಓದುಗರಿಗೆ ಸುತ್ತಲಿನ ಹಕ್ಕಿಗಳನ್ನು ಕನ್ನಡದ ಹೆಸರುಗಳಲ್ಲಿಯೇ ಪರಿಚಯಿಸಿದವು. ತೋಟದ ದುಡಿಮೆಯೂ ಹಕ್ಕಿಯ ಬೆರಗೂ ಒಂದೇ ಬಾಳಿನಲ್ಲಿ ಕೂಡಿ ಇರಬಲ್ಲವು ಎಂಬುದಕ್ಕೆ ಅವರ ಜೀವನವೇ ನಿದರ್ಶನ. ಹೊಟ್ಟೆಯ ಹಿಟ್ಟಿಗೂ ಜುಟ್ಟಿನ ಮಲ್ಲಿಗೆಗೂ ವೈರವಿದೆ ಎನ್ನುವವರು ಅವರ ಬರಹಗಳನ್ನೊಮ್ಮೆ ಓದಬೇಕು.

ಹೆಸರಿನ ಮಾತು ಬಂದುದರಿಂದ ಒಂದು ಅಂಶವನ್ನು ಇಲ್ಲಿಯೇ ಹೇಳಬೇಕು. ಮಲೆನಾಡಿನ ಹಿರಿಯರ ಬಾಯಲ್ಲಿ ಹಕ್ಕಿಗಳಿಗೆ ಊರೂರಿಗೆ ಬೇರೆ ಬೇರೆ ಹೆಸರುಗಳಿವೆ. ಬಾಲ ಕುಣಿಸುವ ಹಕ್ಕಿಗೆ ಕುಂಡೆಕುಸ್ಕ, ಗುಂಪುಗೂಡಿ ಗಲಾಟೆ ಮಾಡುವುದಕ್ಕೆ ಹರಟೆಮಲ್ಲ. ಈ ಹೆಸರುಗಳಲ್ಲಿ ನಗೆಯಿದೆ, ಸೂಕ್ಷ್ಮವಾದ ನೋಟವಿದೆ, ಸಲಿಗೆಯಿದೆ. ಒಂದೊಂದು ಹೆಸರೂ ಒಂದು ಸಾಲಿನ ಕವಿತೆಯೇ ಸರಿ. ಹೆಸರು ಮರೆತ ಮೇಲೆ ಹಕ್ಕಿ ಬರಿಯ 'ಒಂದು ಹಕ್ಕಿ'ಯಾಗುತ್ತದೆ. ಆಮೇಲೆ ಅದು ಇಲ್ಲವಾದರೂ ಯಾರಿಗೂ ತಿಳಿಯುವುದಿಲ್ಲ.

ಕೆಮ್ಮಣ್ಣಿನ ಗೋಡೆ

ಚಿತ್ರಕಲೆಯೆಂದರೆ ನಗರದ ಗ್ಯಾಲರಿಯಲ್ಲಿ ಚೌಕಟ್ಟಿನೊಳಗೆ ತೂಗುವ ವಸ್ತುವೆಂಬ ಭಾವನೆಯೂ ಸರಿಯಲ್ಲ. ಸಾಗರ, ಸೊರಬ, ಸಿದ್ದಾಪುರ ಸೀಮೆಯ ದೀವರ ಹೆಣ್ಣುಮಕ್ಕಳು ತಲೆಮಾರುಗಳಿಂದ ಹಸೆ ಚಿತ್ತಾರ ಬರೆಯುತ್ತ ಬಂದಿದ್ದಾರೆ. ಕೆಮ್ಮಣ್ಣು ಸಾರಿಸಿದ ಗೋಡೆ ಅವರ ಪಟ. ನೆನೆಸಿ ಅರೆದ ಅಕ್ಕಿಯಿಂದ ಬಿಳಿ, ಹುರಿದು ಕರಿಕಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ. ಕುಂಚವೆಂದರೆ ಪುಂಡಿಯ ನಾರು. ಮದುವೆಯ ಮನೆಯಲ್ಲಿ ಮದುಮಕ್ಕಳು ಕೂರುವ ಹಸೆಯ ಹಿಂದಿನ ಗೋಡೆಯ ಮೇಲೆ ನೇರವಾದ ಸಣ್ಣ ಸಣ್ಣ ಗೆರೆಗಳು ಕೂಡಿ ಚೌಕಗಳಾಗುತ್ತವೆ, ದಂಡಿಗೆಯಾಗುತ್ತವೆ, ಭತ್ತದ ಸಸಿಯಾಗುತ್ತವೆ, ಹಕ್ಕಿಯಾಗುತ್ತವೆ. ಅಳತೆಪಟ್ಟಿಯಿಲ್ಲದೆ ಎಳೆದ ಗೆರೆಗಳು ಅವು. ಜೊತೆಗೆ ಹಾಡೂ ಇರುತ್ತದೆ. ಬಣ್ಣದ ಒಂದು ಕಣವೂ ಅಂಗಡಿಯದಲ್ಲ.

ಭೂಮಿ ಹುಣ್ಣಿಮೆಯ ಬುಟ್ಟಿಯೂ ಹಾಗೆಯೇ. ಭತ್ತ ಹೊಡೆ ತುಂಬುವ ಹೊತ್ತಿನಲ್ಲಿ, ಗರ್ಭಿಣಿಯಾದ ಭೂಮಿತಾಯಿಗೆ ಬಯಕೆ ಬಡಿಸುವ ಹಬ್ಬ ಅದು. ಬಿದಿರ ಬುಟ್ಟಿಗೆ ಸೆಗಣಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದು, ಹಲವು ಬಗೆಯ ಸೊಪ್ಪು ಬೆರೆಸಿ ಮಾಡಿದ ಅಡುಗೆಯನ್ನು ಅದರಲ್ಲಿ ಹೊತ್ತು ಬೆಳಗಿನ ಜಾವವೇ ಗದ್ದೆಗೆ ಹೋಗುತ್ತಾರೆ. ಬೆಳೆಗೆ ಚರಗ ಚೆಲ್ಲುತ್ತಾರೆ. ಕಾಗೆಗೂ ಒಂದು ಎಡೆ ಇಡುತ್ತಾರೆ. ಕೃಷಿ, ಚಿತ್ರ, ಹಾಡು, ಹಕ್ಕಿ ಇವುಗಳ ನಡುವೆ ಗೋಡೆ ಎಬ್ಬಿಸದ ಬದುಕು ಈ ನೆಲದಲ್ಲಿ ಇತ್ತು, ಹಲವು ಊರುಗಳಲ್ಲಿ ಇಂದಿಗೂ ಇದೆ.

ಆದರೆ ಮಣ್ಣಿನ ಗೋಡೆ ಹೋಗಿ ಸಿಮೆಂಟಿನ ಗೋಡೆ ಬಂದಿದೆ. ಅದರ ಮೇಲೆ ಡಬ್ಬದ ಬಣ್ಣ ಬಂದಿದೆ. ಭದ್ರವಾದ ಮನೆ ಬೇಡವೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ, ಮಳೆಗೆ ಕುಸಿಯುವ ಗೋಡೆಯ ಕಷ್ಟ ಅದರೊಳಗಿದ್ದವರಿಗೇ ಗೊತ್ತು. ಆದರೂ ಹೊಸ ಮನೆಯ ಜಗಲಿಯಲ್ಲಿ ಒಂದು ಮೊಳ ಗೋಡೆಯನ್ನಾದರೂ ಕೆಮ್ಮಣ್ಣಿಗೆ ಬಿಡಲು ಸಾಧ್ಯ. ಶಾಲೆಯ ಒಂದು ಗೋಡೆಯನ್ನು ಊರಿನ ಚಿತ್ತಾರಗಿತ್ತಿಗೆ ಒಪ್ಪಿಸಲು ಸಾಧ್ಯ. ಗೆರೆ ಎಳೆಯುವ ಕೈಗಳು ಇನ್ನೂ ಇರುವಾಗಲೇ ಅದು ಆಗಬೇಕು.

ವಿದ್ಯಾರ್ಥಿಗಳಿಗೆ ಚಿತ್ರ ಬರೆಯುವುದರಿಂದ ಇನ್ನೊಂದು ಲಾಭವಿದೆ. ದಿನವೂ ಕಾಣುವ ಕೆಮ್ಮೀಸೆ ಪಿಕಳಾರದ ಚಿತ್ರವನ್ನು ನೆನಪಿನಿಂದ ಬರೆಯಲು ಕುಳಿತರೆ ಪೆನ್ಸಿಲು ಬಹುಬೇಗ ನಿಂತುಬಿಡುತ್ತದೆ. ಜುಟ್ಟು ಎಷ್ಟು ಚೂಪು? ಕೆಂಪು ಚುಕ್ಕೆ ಕಣ್ಣಿನ ಮುಂದಿದೆಯೋ ಹಿಂದಿದೆಯೋ? ಕೆನ್ನೆಯ ಬಿಳುಪಿನ ಕೆಳಗೆ ಕಪ್ಪು ಗೆರೆಯುಂಟೇ? ಬಾಲದ ಬುಡ ಯಾವ ಬಣ್ಣ? ಆಗ ಮಗು ಎದ್ದು ಹಿತ್ತಲಿಗೆ ಹೋಗಿ ನೋಡುತ್ತದೆ. ಹಾಗೆ ನೋಡುವಾಗ ಕೆಲವು ಪಿಕಳಾರಗಳಿಗೆ ಕೆನ್ನೆಯ ಕೆಂಪು ಇಲ್ಲದಿರುವುದು ಕಣ್ಣಿಗೆ ಬೀಳುತ್ತದೆ. ಅವು ಇನ್ನೂ ಪ್ರಾಯಕ್ಕೆ ಬಾರದ ಮರಿಗಳು. ಈ ತಿಳಿವಳಿಕೆ ಚಿತ್ರದಿಂದ ಬಂದ ವಿಜ್ಞಾನ. ಚಿತ್ರ ಚೆಂದವಾಗಿ ಬರಬೇಕೆಂಬ ನಿಯಮವೂ ಇಲ್ಲ.

ಕೃಷಿಯ ಕಣ್ಣು

ಆರಂಭದ ಆಕ್ಷೇಪಕ್ಕೆ ಮತ್ತೆ ಬರಬೇಕು. ಹಕ್ಕಿಯ ಕಡೆ ನೋಡಲು ಕಲಿತ ಕಣ್ಣು ಬೆಳೆಯ ಕಡೆಯೂ ಚೆನ್ನಾಗಿ ನೋಡುತ್ತದೆ. ಎಲೆಚುಕ್ಕಿ ರೋಗದ ಮೊದಲ ಹಳದಿ ಚುಕ್ಕೆಗಳನ್ನು ಕಾಣುವವನು ತೋಟದಲ್ಲಿ ತಲೆಯೆತ್ತಿ ನಡೆಯುವ ರೈತನೇ ಹೊರತು ತಿಂಗಳಿಗೊಮ್ಮೆ ಬಂದು ಹೋಗುವವನಲ್ಲ. ಹರಟೆಮಲ್ಲಗಳ ಗುಂಪು ದರಕಲೆಯನ್ನು ಕೆದಕುತ್ತಿದ್ದರೆ ಆ ಮಣ್ಣಿನಲ್ಲಿ ಹುಳುಹುಪ್ಪಟೆ, ಅಂದರೆ ಜೀವ ಇದೆಯೆಂದು ಅರ್ಥ. ಕಾಳು ತಿನ್ನುವ ಗುಬ್ಬಚ್ಚಿ, ಗೀಜಗಗಳೂ ತಮ್ಮ ಮರಿಗಳಿಗೆ ಮೊದಲ ದಿನಗಳಲ್ಲಿ ಕೊಡುವುದು ಹುಳುಗಳನ್ನೇ. ಕಳೆನಾಶಕ ಹೊಡೆದು ನೆಲವನ್ನು ಬೋಳು ಮಾಡಿದಾಗ ಕಳೆಯ ಜೊತೆಗೆ ಆ ಹುಳುಗಳ ಆಹಾರವೂ ಹೋಗುತ್ತದೆ. ಅದರ ಬೆನ್ನಿಗೆ ಮರಿಗಳ ತುತ್ತು ಹೋಗುತ್ತದೆ. ಹಾಡು ನಿಂತ ತೋಟ ರೈತನಿಗೂ ಏನನ್ನೋ ಹೇಳುತ್ತಿರುತ್ತದೆ.

ಮಲೆನಾಡಿನ ಹಳೆಯ ಕೃಷಿ ಪದ್ಧತಿಗೆ ಸಂದ ಒಂದು ಗೌರವವನ್ನು ಇಲ್ಲಿ ನೆನೆಯಬೇಕು. ಉತ್ತರ ಕನ್ನಡದ ಅಡಿಕೆ ತೋಟಗಳ ಸೀಮೆಯಲ್ಲಿ ನಡೆದ ಒಂದು ಅಧ್ಯಯನ 2008ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಆ ಸೀಮೆಯ ಸಹಜ ಕಾಡಿನ ಹಕ್ಕಿಜಾತಿಗಳಲ್ಲಿ ಶೇಕಡಾ 90ರಷ್ಟು ಈ ಅಡಿಕೆ ಕೃಷಿ ವ್ಯವಸ್ಥೆಯಲ್ಲಿಯೂ ಉಳಿದಿವೆ ಎಂದು ಅದು ಕಂಡುಕೊಂಡಿತು. ಕಾರಣ ಎರಡು. ತೋಟದಲ್ಲಿ ಅಡಿಕೆಯೊಂದೇ ಇಲ್ಲ, ಬಾಳೆ, ಕಾಳುಮೆಣಸು, ಏಲಕ್ಕಿಗಳ ಹಲವು ಅಂತಸ್ತುಗಳಿವೆ. ಎರಡನೆಯದು, ತೋಟಕ್ಕೆ ಸೊಪ್ಪು, ದರಕು ಒದಗಿಸುವ ಕಾಡು ಬೆನ್ನಿಗಿದೆ. ಸೊಪ್ಪಿನ ಬೆಟ್ಟವನ್ನು ಕಾಯ್ದ ಅಜ್ಜ ಹಕ್ಕಿಗಳ ಪಟ್ಟಿಯನ್ನು ಬರೆದಿಡಲಿಲ್ಲ. ಆದರೆ ಹಕ್ಕಿಗಳನ್ನು ಉಳಿಸಿದ.

ಈ ಮಾತು ಹೆಮ್ಮೆಗೂ ಸರಿ, ಎಚ್ಚರಿಕೆಗೂ ಸರಿ. ಬೆಟ್ಟವೇ ಇಲ್ಲದೆ, ಮಿಶ್ರಬೆಳೆಯೂ ಇಲ್ಲದೆ, ಗದ್ದೆಬಯಲಿನಲ್ಲಿ ಸಾಲುಸಾಲಾಗಿ ನೆಟ್ಟ ಅಡಿಕೆಗೆ ಈ ಶೇಕಡಾ 90ರ ಹೆಗ್ಗಳಿಕೆ ಸಲ್ಲುವುದಿಲ್ಲ. ದೇಶದ ಸ್ಥಿತಿಯೂ ನೆಮ್ಮದಿಯದಲ್ಲ. ಸುಮಾರು 30 ಸಾವಿರ ಪಕ್ಷಿವೀಕ್ಷಕರ 3 ಕೋಟಿಗೂ ಹೆಚ್ಚು ದಾಖಲೆಗಳನ್ನು ಆಧರಿಸಿ 2023ರಲ್ಲಿ ಹೊರಬಂದ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿಯಂತೆ, ದೀರ್ಘಕಾಲದ ಏರಿಳಿತವನ್ನು ಅಳೆಯಲು ಸಾಧ್ಯವಾದ 338 ಜಾತಿಗಳಲ್ಲಿ 204 ಇಳಿಮುಖವಾಗಿವೆ. ಈ ವರದಿಗೆ ದಾಖಲೆ ಕೊಟ್ಟವರಲ್ಲಿ ಬಹುಮಂದಿ ವಿಜ್ಞಾನಿಗಳಲ್ಲ. ಸಂತೋಷಕ್ಕಾಗಿ ಹಕ್ಕಿ ನೋಡಿ, ಕಂಡದ್ದನ್ನು ಬರೆದಿಟ್ಟ ಸಾಮಾನ್ಯ ಜನ. ಅವರ ಸಂತೋಷವೇ ದೇಶಕ್ಕೆ ಸಾಕ್ಷ್ಯವಾಯಿತು.

ಮಾಡಬಹುದಾದ ಕೆಲಸ

ಮೊದಲನೆಯದು ಹದಿನೈದು ನಿಮಿಷ. 1998ರಲ್ಲಿ ಅಮೆರಿಕದಲ್ಲಿ ಆರಂಭವಾಗಿ 2013ರಿಂದ ಜಗತ್ತಿಗೆಲ್ಲ ಹಬ್ಬಿದ ಹಿತ್ತಲ ಹಕ್ಕಿ ಎಣಿಕೆ ಪ್ರತಿವರ್ಷ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುತ್ತದೆ. ಅದು ಕೇಳುವುದು ಕನಿಷ್ಠ 15 ನಿಮಿಷಗಳ ನೋಟವನ್ನು. ಭಾರತದಲ್ಲಿ ಶಾಲೆ ಕಾಲೇಜುಗಳೂ ಭಾಗವಹಿಸುತ್ತವೆ. ವರ್ಷಕ್ಕೆ ನಾಲ್ಕು ದಿನವೇಕೆ, ಬೆಳಗಿನ ಚಹಾದ ಲೋಟ ಹಿಡಿದು ಹಿತ್ತಿಲ ಮೆಟ್ಟಿಲ ಮೇಲೆ ದಿನವೂ ಅಷ್ಟು ಹೊತ್ತು ಕೂರಬಹುದು. ಮೊಬೈಲನ್ನು ಒಳಗೆ ಇಟ್ಟು ಬರಬೇಕು, ಅಷ್ಟೇ.

ಎರಡನೆಯದು ಒಂದು ನೋಟ್‌ಬುಕ್. ಒಂದು ಪುಟದಲ್ಲಿ ಹಕ್ಕಿಯ ಚಿತ್ರ, ಊರಿನಲ್ಲಿ ಅದಕ್ಕಿರುವ ಹೆಸರು, ಕಂಡ ದಿನ, ಕಂಡ ಮರ. ಎದುರಿನ ಪುಟದಲ್ಲಿ ಇಷ್ಟವಾದ ಒಂದು ಕವಿತೆ ಅಥವಾ ಅಜ್ಜಿಯಿಂದ ಕೇಳಿ ಬರೆದ ಹಾಡು. ತಿಂಗಳಿಗೊಂದು ಕವಿತೆ ಬಾಯಿಪಾಠವಾದರೂ ಶಾಲೆ ಬಿಡುವ ಹೊತ್ತಿಗೆ ಮನಸ್ಸಿನಲ್ಲಿ ಒಂದು ಕಣಜ ತುಂಬಿರುತ್ತದೆ. ಹತ್ತು ವರ್ಷಗಳ ಅಂಥ ನೋಟ್‌ಬುಕ್‌ಗಳು ಒಂದು ಊರಿನಲ್ಲಿದ್ದರೆ, ನವರಂಗ ಯಾವ ವಾರ ಬಂತು, ಯಾವ ವರ್ಷ ಬರಲಿಲ್ಲ ಎಂದು ಹೇಳಲು ಹೊರಗಿನ ಯಾರೂ ಬರಬೇಕಾಗಿಲ್ಲ.

ಮೂರನೆಯದು ಹಿತ್ತಲಿಗೆ ಸಂಬಂಧಿಸಿದ್ದು. ಅಪಾಯವಿಲ್ಲದ ಕಡೆ ಒಂದು ಒಣಕೊಂಬೆ ಹಾಗೆಯೇ ಇರಲಿ. ಬೇಲಿಯಲ್ಲಿ ದಾಸವಾಳ, ಕೇಪಳ, ಹಾಲುವಾಣ ಇರಲಿ. ಒಂದು ಮೂಲೆಯ ದರಕಲೆಯನ್ನು ಗುಡಿಸದೆ ಬಿಡಬಹುದು. ಬೇಸಗೆಯಲ್ಲಿ ಅಗಲವಾದ ಮಣ್ಣಿನ ಪಾತ್ರೆಯಲ್ಲಿ ನೀರಿಟ್ಟು, ಎರಡು ದಿನಕ್ಕೊಮ್ಮೆ ತೊಳೆದು ತುಂಬಿಸಿದರೆ ಸೊಳ್ಳೆಯ ಭಯವೂ ಇರುವುದಿಲ್ಲ. ಹಿತ್ತಲಿಗೆ ಕಳೆನಾಶಕ ಬೇಡವೇ ಬೇಡ, ಅಲ್ಲಿಗೆ ಕತ್ತಿಯೊಂದೇ ಸಾಕು.

ಕೊನೆಯದಾಗಿ ವಿದ್ಯಾರ್ಥಿಗಳಿಗೆ ಒಂದು ವಿನಂತಿ. ಓದಿಗಾಗಿ, ಉದ್ಯೋಗಕ್ಕಾಗಿ ಊರು ಬಿಡುವುದು ಅಪರಾಧವಲ್ಲ. ಆದರೆ ಹೊರಡುವ ಮುನ್ನ ಮನೆಯ ಹಿತ್ತಲಿನ ಹತ್ತು ಹಕ್ಕಿಗಳನ್ನು ದನಿಯಿಂದ ಗುರುತಿಸಲು ಕಲಿತಿರಿ. ಮನೆಯಲ್ಲಿ ಉಳಿಯುವ ಅಜ್ಜ ಅಜ್ಜಿಯರಿಗೆ ಫೋನು ಮಾಡಿದಾಗ ಊಟವಾಯಿತೇ, ಮಾತ್ರೆ ತೆಗೆದುಕೊಂಡಿರಾ ಎಂದು ಕೇಳುವುದರ ಜೊತೆಗೆ, ಮಡಿವಾಳ ಈ ವರ್ಷ ಹಾಡಲು ಶುರುಮಾಡಿತೇ ಎಂದೂ ಕೇಳಿರಿ. ಉತ್ತರ ಹೇಳುವುದಕ್ಕಾಗಿಯಾದರೂ ಆ ಹಿರಿಯರು ಮರುದಿನ ನಸುಕಿನಲ್ಲಿ ಹಿತ್ತಿಲ ಬಾಗಿಲು ತೆರೆಯುತ್ತಾರೆ.